ಹಗಲು ಚಾಲನಾ ದೀಪ

ಹಗಲು ಚಾಲನಾ ದೀಪ ಎಂಬುದು ಮೋಟಾರು ವಾಹನ ಚಾಲನೆಯಲ್ಲಿರುವಾಗ ಹಗಲಿನಲ್ಲಿಯೂ ತಾನಾಗಿಯೇ ಬೆಳಗುವಂತೆ ಅದರ ಮುಂಭಾಗದಲ್ಲಿ ಅಳವಡಿಸಿರುವ ದೀಪ. ಚಾಲಕನಿಗೆ ದಾರಿ ತೋರಿಸುವುದು ಇದರ ಉದ್ದೇಶವಲ್ಲ. ಎದುರಿನಿಂದ ಅಥವಾ ಅಡ್ಡರಸ್ತೆಯಿಂದ ಬರುವವರ ಕಣ್ಣಿಗೆ ವಾಹನವು ಬೇಗ ಬೀಳುವಂತೆ ಮಾಡುವುದು ಇದರ ಉದ್ದೇಶ. ಕಾರುಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಎಲ್‌ಇಡಿ ದೀಪಗಳಿರುವುದು ಸಾಮಾನ್ಯ. ಭಾರತದ ದ್ವಿಚಕ್ರ ವಾಹನಗಳಲ್ಲಿ ಹೆಚ್ಚಾಗಿ ಹೆಡ್‌ಲೈಟೇ ಈ ಕೆಲಸವನ್ನು ನಿರ್ವಹಿಸುತ್ತದೆ. 2017ರ ಏಪ್ರಿಲ್ 1ರಿಂದ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲನೆಗೊಂಡೊಡನೆ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳುವ ವ್ಯವಸ್ಥೆ ಕಡ್ಡಾಯವಾಗಿದೆ.

ಕಾರ್ಯತತ್ತ್ವ

ಎದುರಿನ ವಾಹನ ಎಷ್ಟು ದೂರದಲ್ಲಿದೆ, ಎಷ್ಟು ವೇಗವಾಗಿ ಬರುತ್ತಿದೆ ಎಂಬುದನ್ನು ಚಾಲಕನು ಅದರ ಆಕಾರ ಕಣ್ಣಿಗೆ ದೊಡ್ಡದಾಗುತ್ತ ಬರುವ ರೀತಿಯಿಂದ ಅಂದಾಜು ಮಾಡುತ್ತಾನೆ. ಬೈಕಿನ ಮುಂಭಾಗ ಕಿರಿದಾಗಿರುವುದರಿಂದ ಈ ಅಂದಾಜು ತಪ್ಪುವ ಸಂಭವ ಹೆಚ್ಚು. ಬೈಕು ಮರ, ಕಟ್ಟಡ ಅಥವಾ ದೊಡ್ಡ ವಾಹನದ ಹಿನ್ನೆಲೆಯಲ್ಲಿ ಬೆರೆತುಹೋಗುವುದೂ ಉಂಟು. ಬೆಳಗುತ್ತಿರುವ ದೀಪವು ಹಿನ್ನೆಲೆಗೂ ವಾಹನಕ್ಕೂ ನಡುವಣ ವ್ಯತ್ಯಾಸವನ್ನು ಹೆಚ್ಚಿಸಿ, ವಾಹನವು ಕಣ್ಣಿಗೆ ಬೀಳುವ ಕ್ಷಣವನ್ನು ಹಿಂದಕ್ಕೆ ತರುತ್ತದೆ.

ಆ ಕ್ಷಣದ ಬೆಲೆಯನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಸಾಗುವ ಎರಡು ವಾಹನಗಳ ನಡುವಣ ಅಂತರ ಪ್ರತಿ ಸೆಕೆಂಡಿಗೆ ಸುಮಾರು 33 ಮೀಟರ್ ಕಡಿಮೆಯಾಗುತ್ತದೆ. ಒಂದು ಸೆಕೆಂಡ್ ಮೊದಲೇ ಕಂಡರೆ ಅಷ್ಟು ಅಂತರ ಉಳಿದಿರುತ್ತದೆ.

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 87ನೇ ನಿಯಮವು ಪ್ರತ್ಯೇಕ ಹಗಲು ದೀಪದ ಪ್ರಖರತೆಯನ್ನು 400ರಿಂದ 1,200 ಕ್ಯಾಂಡೆಲಾಗಳ ನಡುವೆ ನಿಗದಿಪಡಿಸಿದೆ. ಬಿಸಿಲಿನಲ್ಲಿ ಕಾಣಬೇಕು, ಆದರೆ ಎದುರಿನವರ ಕಣ್ಣು ಕುಕ್ಕಬಾರದು ಎಂಬುದು ಈ ಮಿತಿಯ ಆಶಯ.

ಇತಿಹಾಸ

ಹಗಲಿನಲ್ಲಿ ದೀಪ ಹೊತ್ತಿಸುವ ನಿಯಮ ಮೊದಲು ಬಂದದ್ದು ಚಳಿಗಾಲದಲ್ಲಿ ಹಗಲು ಬೆಳಕು ಮಂದವಾಗಿರುವ ಉತ್ತರ ಯುರೋಪಿನಲ್ಲಿ. ಫಿನ್‌ಲ್ಯಾಂಡ್ 1972ರಲ್ಲಿ ಗ್ರಾಮಾಂತರ ರಸ್ತೆಗಳಲ್ಲಿ ಚಳಿಗಾಲಕ್ಕೆ ಸೀಮಿತವಾಗಿ ಇದನ್ನು ಜಾರಿಗೆ ತಂದಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಅನ್ವಯಿಸುವಂತೆ ಕಡ್ಡಾಯಗೊಳಿಸಿತು. ನಾರ್ವೆ, ಐಸ್‌ಲ್ಯಾಂಡ್, ಡೆನ್ಮಾರ್ಕ್ ದೇಶಗಳು ಅನಂತರದ ವರ್ಷಗಳಲ್ಲಿ ಇದೇ ಹಾದಿ ಹಿಡಿದವು. ಕೆನಡಾದಲ್ಲಿ 1989ರ ಡಿಸೆಂಬರ್‌ನಿಂದ ತಯಾರಾದ ಹೊಸ ವಾಹನಗಳಿಗೆ ಹಗಲು ದೀಪ ಕಡ್ಡಾಯವಾಯಿತು. ಯುರೋಪಿಯನ್ ಒಕ್ಕೂಟವು 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೂ 2012ರ ಆಗಸ್ಟ್‌ನಿಂದ ಹೊಸ ಮಾದರಿಯ ಲಾರಿ ಹಾಗೂ ಬಸ್ಸುಗಳಿಗೂ ಇದನ್ನು ವಿಧಿಸಿತು.

ಎಲ್ಲ ದೇಶಗಳೂ ಈ ನಿಯಮವನ್ನು ಉಳಿಸಿಕೊಳ್ಳಲಿಲ್ಲ. ಆಸ್ಟ್ರಿಯಾ 2005ರಲ್ಲಿ ಚಾಲಕರಿಗೆ ಹಗಲಿನಲ್ಲಿ ದೀಪ ಹೊತ್ತಿಸುವುದನ್ನು ಕಡ್ಡಾಯಗೊಳಿಸಿ, 2008ರ ಆರಂಭದಲ್ಲಿ ಹಿಂತೆಗೆದುಕೊಂಡಿತು.

ಭಾರತದಲ್ಲಿ

2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟರು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ ಇವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಭಾರತದ ನಿಯಮವು ದ್ವಿಚಕ್ರ ವಾಹನಗಳನ್ನು ಕೇಂದ್ರೀಕರಿಸಿರುವುದಕ್ಕೆ ಈ ಪ್ರಮಾಣ ಹಿನ್ನೆಲೆ ಒದಗಿಸುತ್ತದೆ. ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಸಮಿತಿಯು ಸ್ವಯಂಚಾಲಿತ ಹೆಡ್‌ಲೈಟ್ ವ್ಯವಸ್ಥೆಗೆ ಒತ್ತಾಸೆ ನೀಡಿತ್ತು.

ಹೊಸ ಬೈಕುಗಳು ರಸ್ತೆಗಿಳಿದ ಆರಂಭದಲ್ಲಿ, ಸವಾರರು ಮರೆತು ದೀಪ ಹಚ್ಚಿಕೊಂಡಿದ್ದಾರೆಂದು ಭಾವಿಸಿ ಎದುರಿನವರು ಕೈಬೆರಳುಗಳನ್ನು ಮುಚ್ಚಿ ತೆರೆದು ಸನ್ನೆ ಮಾಡುವುದು ಸಾಮಾನ್ಯವಾಗಿತ್ತು. ಅದಕ್ಕೆ ಮೊದಲು ತಯಾರಾದ ಬೈಕುಗಳಲ್ಲಿ ಸ್ವಿಚ್ ಇರುವುದರಿಂದ ಸವಾರರೇ ಡಿಪ್ ದೀಪವನ್ನು ಹೊತ್ತಿಸಿಕೊಳ್ಳಬಹುದು.

ಬಳ್ಳಾರಿ ಜಿಲ್ಲೆಯ ಗ್ರಾಮೀಣ ರಸ್ತೆಗಳು

ಕರೂರು ಸೇರಿದಂತೆ ಸಿರುಗುಪ್ಪ ಹಾಗೂ ಕುರುಗೋಡು ಭಾಗದ ರಸ್ತೆಗಳು ಹಗಲು ದೀಪದ ಉಪಯೋಗ ಮತ್ತು ಮಿತಿ ಎರಡಕ್ಕೂ ನಿದರ್ಶನವಾಗಿವೆ. ತುಂಗಭದ್ರಾ ನೀರಾವರಿಯಿಂದ ಇದು ಭತ್ತದ ಸೀಮೆಯಾಗಿದೆ. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಓಡಾಟ ಹೆಚ್ಚುತ್ತದೆ. ಅವನ್ನು ಹಿಂದಿಕ್ಕಲು ಬಲಕ್ಕೆ ಬರುವ ಚಾಲಕನು ಎದುರಿನ ಬೈಕನ್ನು ಗುರುತಿಸಲು ಸಿಗುವ ಸಮಯ ಅತ್ಯಲ್ಪ. ರಸ್ತೆಯ ಒಂದು ಪಕ್ಕದಲ್ಲಿ ಭತ್ತ ಒಣಗಲು ಹಾಕಿದ್ದರೆ ಎರಡೂ ದಿಕ್ಕಿನ ವಾಹನಗಳು ಉಳಿದ ಅರ್ಧದಲ್ಲೇ ಸಾಗಬೇಕಾಗುತ್ತದೆ. ಇಂತಹ ಕಡೆ, ಮುಂಜಾನೆ ಮತ್ತು ಸಂಜೆ ಸೂರ್ಯನಿಗೆ ಎದುರಾಗಿ ಸಾಗುವಾಗ, ಧೂಳು ಎದ್ದಾಗ ಹೊತ್ತಿರುವ ದೀಪ ನೆರವಾಗುತ್ತದೆ.

ಆದರೆ ದೃಷ್ಟಿಗೆ ಅಡ್ಡ ಇರುವಲ್ಲಿ ದೀಪದಿಂದ ಪ್ರಯೋಜನವಿಲ್ಲ. ತಿರುವಿನಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದ್ದರೆ ಅದನ್ನು ಕಡಿಯುವುದೇ ಪರಿಹಾರ. ಹಿಂಬದಿಯ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಕತ್ತಲಲ್ಲಿ ನಿಂತ ಟ್ರೇಲರ್‌ನ ಅಪಾಯವನ್ನೂ ಹಗಲು ದೀಪ ನಿವಾರಿಸದು.

ರಸ್ತೆ ಸುರಕ್ಷತೆಯ ಮೇಲಿನ ಪರಿಣಾಮ

ಹಗಲು ದೀಪವು ಒಂದಕ್ಕಿಂತ ಹೆಚ್ಚು ವಾಹನಗಳು ಅಥವಾ ಪಾದಚಾರಿಗಳು ಒಳಗೊಂಡ ಹಗಲು ಅಪಘಾತಗಳ ಮೇಲೆ ಮಾತ್ರ ಪರಿಣಾಮ ಬೀರಬಲ್ಲದು. ಸ್ವೀಡನ್ನಿನ ನಿಯಮವನ್ನು ಕುರಿತ 1981ರ ಅಧ್ಯಯನವು ಇಂತಹ ಅಪಘಾತಗಳಲ್ಲಿ ಶೇ 11ರಷ್ಟು ಇಳಿಕೆಯನ್ನು ಅಂದಾಜಿಸಿತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ರೂನೆ ಎಲ್ವಿಕ್ ಅವರ 1996ರ ವಿಶ್ಲೇಷಣೆಯು ದೀಪವಿರುವ ಕಾರುಗಳಿಗೆ ಶೇ 10ರಿಂದ 15ರಷ್ಟು ಇಳಿಕೆಯನ್ನು ಸೂಚಿಸಿತು. ಇದಕ್ಕೆ ವಿರುದ್ಧವಾಗಿ, ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ 2008ರ ಅಧ್ಯಯನದಲ್ಲಿ ಒಟ್ಟಾರೆಯಾಗಿ ಗಣನೀಯ ಪರಿಣಾಮ ಕಂಡುಬರಲಿಲ್ಲ.

ಭೂಮಧ್ಯರೇಖೆಯಿಂದ ದೂರ ಹೋದಂತೆ ಪ್ರಯೋಜನ ಹೆಚ್ಚುತ್ತದೆ ಎಂಬ ವಾದವಿರುವುದರಿಂದ, ಬಿಸಿಲಿನ ನಾಡಿಗೆ ಇದು ತಕ್ಕುದೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಮಲೇಷ್ಯಾದ ಅನುಭವ ಮುಖ್ಯವಾದ ಉತ್ತರ. ಭೂಮಧ್ಯರೇಖೆಗೆ ಸಮೀಪದ ಆ ದೇಶವು 1992ರಲ್ಲಿ ಮೋಟಾರ್‌ಸೈಕಲ್‌ಗಳಿಗೆ ಹಗಲು ಹೆಡ್‌ಲೈಟ್ ಕಡ್ಡಾಯಗೊಳಿಸಿತು. ಪ್ರಾಯೋಗಿಕ ಪ್ರದೇಶಗಳಲ್ಲಿ ನಡೆದ ಅಧ್ಯಯನವು, ಮೋಟಾರ್‌ಸೈಕಲ್ ಕಣ್ಣಿಗೆ ಬೀಳದಿರುವುದಕ್ಕೆ ಸಂಬಂಧಿಸಿದ ಅಪಘಾತಗಳು ಸುಮಾರು ಶೇ 29ರಷ್ಟು ಇಳಿದವೆಂದು ಅಂದಾಜಿಸಿತು. ಕಾರುಗಳ ವಿಷಯದಲ್ಲಿ ಚರ್ಚೆ ಮುಂದುವರಿದಿದ್ದರೂ, ಬಿಸಿಲಿನ ದೇಶಗಳಲ್ಲಿ ಮೋಟಾರ್‌ಸೈಕಲ್‌ಗಳ ಪರವಾದ ವಾದಕ್ಕೆ ಇದು ಬಲ ನೀಡುತ್ತದೆ.

ಭಾರತದಲ್ಲಿ ಈ ಒಂದೇ ನಿಯಮದ ಫಲವನ್ನು ಬೇರ್ಪಡಿಸಿ ಅಳೆಯುವುದು ಕಷ್ಟ. ಇದರ ಬೆನ್ನಲ್ಲೇ 2018 ಮತ್ತು 2019ರಲ್ಲಿ ಹೊಸ ದ್ವಿಚಕ್ರ ವಾಹನಗಳಿಗೆ ಸುಧಾರಿತ ಬ್ರೇಕ್ ವ್ಯವಸ್ಥೆಗಳೂ ಕಡ್ಡಾಯವಾದವು.

ಟೀಕೆಗಳು

ಪ್ರಖರ ಬೆಳಕು ಕಣ್ಣು ಕುಕ್ಕುತ್ತದೆ, ತಿರುವು ಸೂಚಕ ದೀಪವನ್ನು ಮಂಕಾಗಿಸುತ್ತದೆ ಮತ್ತು ಇಂಧನದ ಬಳಕೆಯನ್ನು ತುಸು ಹೆಚ್ಚಿಸುತ್ತದೆ ಎಂಬ ಆಕ್ಷೇಪಗಳಿವೆ. ಎಲ್‌ಇಡಿ ದೀಪಗಳು ಹ್ಯಾಲೋಜನ್ ದೀಪಗಳಿಗಿಂತ ಕಡಿಮೆ ವಿದ್ಯುತ್ ಬಳಸುವುದರಿಂದ ಕೊನೆಯ ಆಕ್ಷೇಪ ದುರ್ಬಲವಾಗಿದೆ. ಎಲ್ಲ ಕಾರುಗಳೂ ದೀಪ ಹೊತ್ತಿಸಿದರೆ ಮೋಟಾರ್‌ಸೈಕಲ್‌ಗಳ ದೀಪಕ್ಕಿರುವ ವಿಶಿಷ್ಟತೆ ಕುಂದುತ್ತದೆ, ದೀಪವಿಲ್ಲದ ಸೈಕಲ್ ಸವಾರರು ಹಾಗೂ ಪಾದಚಾರಿಗಳು ಗಮನಕ್ಕೆ ಬಾರದೆ ಹೋಗಬಹುದು ಎಂಬ ಆತಂಕವೂ ಇದೆ. ಕಾರುಗಳಲ್ಲಿ ಅನೇಕ ವೇಳೆ ಮುಂದಿನ ಹಗಲು ದೀಪ ಮಾತ್ರ ಹೊತ್ತಿರುತ್ತದೆ. ಮುಸ್ಸಂಜೆಯಲ್ಲಿ ಚಾಲಕನು ಎಲ್ಲ ದೀಪಗಳೂ ಹೊತ್ತಿವೆಯೆಂದು ಭಾವಿಸಿದರೆ ವಾಹನದ ಹಿಂಭಾಗ ಕತ್ತಲಲ್ಲೇ ಉಳಿಯುತ್ತದೆ.