ಮರುಭೂಮಿಗೆ ಹೇರು ಕಟ್ಟುವ ಮುನ್ನ

1860ರ ಆಗಸ್ಟ್ 20ರಂದು ಮೆಲ್ಬರ್ನ್‌ನ ರಾಯಲ್ ಪಾರ್ಕಿನಲ್ಲಿ ಸಾವಿರಾರು ಜನ ಸೇರಿದ್ದರು. ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ರಾಬರ್ಟ್ ಬರ್ಕ್‌ನ ತಂಡ ಹೊರಟಿತ್ತು. ಕುದುರೆಗಳು, ಬಂಡಿಗಳು, ಇಂಡಿಯಾದಿಂದ ತರಿಸಿದ ಒಂಟೆಗಳು, ಎರಡು ವರ್ಷಕ್ಕಾಗುವಷ್ಟು ದವಸಧಾನ್ಯ. ಒಟ್ಟು ಸುಮಾರು 20 ಟನ್ ಸಾಮಾನು. ಓಕ್ ಮರದ ಮೇಜು, ಕುರ್ಚಿ, ಬಾಣಬಿರುಸು, ಚೀನಾದ ಜಾಗಟೆ ಕೂಡ ಅದರಲ್ಲಿದ್ದವು. ಮೆನಿಂಡಿವರೆಗಿನ 750 ಕಿ.ಮೀ. ದಾರಿಗೆ ಅವರಿಗೆ ಎರಡು ತಿಂಗಳು ಹಿಡಿಯಿತು. ಅದೇ ದಾರಿಯಲ್ಲಿ ಟಪಾಲು ಬಂಡಿ ವಾರದ ಮೇಲೆ ಒಂದೆರಡು ದಿನದಲ್ಲಿ ಹೋಗಿ ಮುಟ್ಟುತ್ತಿತ್ತು. ಹೇರು ಇಳಿಸುತ್ತ, ತಂಡ ಒಡೆಯುತ್ತ ಮುಂದೆ ಹೋಗಿ, ಉತ್ತರದ ಕಡಲಂಚು ಮುಟ್ಟಿ ಮರಳಿದ ನಾಲ್ವರಲ್ಲಿ ಮೂವರು 1861ರಲ್ಲಿ ಸತ್ತರು. ಜಾನ್ ಕಿಂಗ್ ಒಬ್ಬ ಉಳಿದ. ಕೂಪರ್ ಕ್ರೀಕಿನ ಯಾಂಡ್ರುವಾಂದಾ ಜನ ಅವನಿಗೆ ಉಣ್ಣಲಿಟ್ಟು ಕಾಪಾಡಿದ್ದರು.

ಆ ಸಾವುಗಳಿಗೆ ಕಾರಣ ಹಲವು. ಮಕ್ಕಳನ್ನು ಕರೆದುಕೊಂಡು ಒಳನಾಡಿಗೆ ಹೋಗಿಬರುವ ನನಗೆ ಮಾತ್ರ ಎಲ್ಲಕ್ಕಿಂತ ಮೊದಲು ಕಾಣುವುದು ಆ ಹೇರು. ಇಲ್ಲಿ ಆಸ್ಟ್ರೇಲಿಯಾದ ಜುಲೈ ರಜೆಯಲ್ಲಿ, ಚಳಿಗಾಲ ಮರುಭೂಮಿಯನ್ನು ಮನುಷ್ಯರ ಪಾಲಿಗೆ ಸಹ್ಯ ಮಾಡಿದಾಗ, ಈಗ ಕನ್ನಡದ ಕುಟುಂಬಗಳೂ ಫೋರ್ ವೀಲ್ ಡ್ರೈವ್ ಗಾಡಿ ಹೊರಡಿಸುತ್ತವೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವ ದಾರಿ ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟಾ ಟ್ರ್ಯಾಕ್. ಮಾರೀಯಿಂದ ಮಾರ್ಲಾವರೆಗೆ ಸುಮಾರು 620 ಕಿ.ಮೀ. ಮಣ್ಣು-ಜಲ್ಲಿಯ ದಾರಿ. ಮಗ್ಗುಲಲ್ಲೇ ಹಳೆಯ ಘಾನ್ ರೈಲಿನ ಪಾಳು ನಿಲ್ದಾಣಗಳು, ನೆಲದಿಂದ ಉಕ್ಕುವ ಬುಗ್ಗೆಗಳು, ಅರಬಾನಾ ಜನರ ಕಾಟಿ ತಾಂಡಾ ಉಪ್ಪು ಸರೋವರ. ದಾರಿ ಕಠಿಣವೇನಲ್ಲ. ಆದರೆ ಸಹಾಯ ದೂರ. ಹೀಗಾಗಿ ಗಾಡಿ ತುಂಬುವ ಕೆಲಸ ಪ್ರವಾಸದ ಅರ್ಧಭಾಗವೇ ಸರಿ.

ತುಂಬುವ ಮೊದಲು ಕೂಡುವ-ಕಳೆಯುವ ಲೆಕ್ಕ ಮಾಡಬೇಕು. ಪ್ರತಿ ಗಾಡಿಗೂ ಕಾನೂನು ಒಪ್ಪುವ ಒಟ್ಟು ತೂಕದ ಮಿತಿಯಿದೆ. ಇಲ್ಲಿ ಎಲ್ಲರೂ ಅದನ್ನು ಜಿವಿಎಂ ಎನ್ನುತ್ತಾರೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ನಾವು ಹೇರಬಹುದಾದ ಭಾರ. ದೊಡ್ಡ ಗಾಡಿಗಳಲ್ಲೂ ಅದು ಸಾಮಾನ್ಯವಾಗಿ 600ರಿಂದ 700 ಕೆಜಿ ಆಸುಪಾಸು. 650 ಎಂದೇ ಹಿಡಿಯಿರಿ. ಅಪ್ಪ, ಅಮ್ಮ, ಎರಡು ಮಕ್ಕಳು ಕೂತರೆ 210 ಹೋಯಿತು. ಕಾಂಗರೂ ಅಡ್ಡ ಬಂದೀತೆಂದು ಮುಂದೆ ಹಾಕಿಸಿದ ಉಕ್ಕಿನ ಬುಲ್ ಬಾರ್, ಅದರೊಳಗಿನ ವಿಂಚ್ ಸೇರಿ 90. ಮಾಳಿಗೆಯ ರ‍್ಯಾಕ್ 30. ಹಿಂದಿನ ಡ್ರಾಯರು, ಫ್ರಿಜ್ ಕೂಡಿ 90. ಎರಡನೇ ಸ್ಟೆಪ್ನಿ 35. ನೀರು 112. ಎರಡು ಜೆರ್ರಿ ಕ್ಯಾನ್ ಡೀಸೆಲ್ 44. ಉಳಿದದ್ದು 39 ಕೆಜಿ! ಡೇರೆ, ಹಾಸಿಗೆ, ಅಡುಗೆ ಪಾತ್ರೆ, ಗ್ಯಾಸ್, ಪಾನಾ-ಜಾಕು, ಬಟ್ಟೆ, ಬುತ್ತಿ ಎಲ್ಲವೂ ಇನ್ನು ಅದರಲ್ಲೇ ಆಗಬೇಕು. ಆಗುವುದಿಲ್ಲ. ಕಣ್ಣಿಗೆ ಅರ್ಧ ಖಾಲಿ ಕಾಣುವ ಗಾಡಿ ಕಾನೂನಿನ ಲೆಕ್ಕದಲ್ಲಿ ತುಂಬಿ ತುಳುಕುತ್ತಿರುತ್ತದೆ.

ಆಗ ಕಳೆಯುವ ಕೆಲಸ ಶುರು. ಈ ದಾರಿಗೆ ಜೆರ್ರಿ ಕ್ಯಾನ್ ಬೇಕಿಲ್ಲ. ಮಾರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾ ನಾಲ್ಕೂ ಕಡೆ ಇಂಧನ ಸಿಗುತ್ತದೆ, ನಡುವಿನ ಅಂತರ ಸುಮಾರು 200 ಕಿ.ಮೀ. ಸಿಂಪ್ಸನ್ ಮರುಭೂಮಿ ದಾಟುವವರಿಗೆ ಅದು ಬೇರೆ ಲೆಕ್ಕ. ಅಲ್ಲಿ ಮೌಂಟ್ ಡೇರ್ ಬಿಟ್ಟರೆ ಬರ್ಡ್ಸ್‌ವಿಲ್ ತನಕ ಹನಿ ಡೀಸೆಲ್ ಇಲ್ಲ, ಮರಳು ಎಂಜಿನ್ನಿನಿಂದ ದುಪ್ಪಟ್ಟು ದುಡಿಮೆ ಕೇಳುತ್ತದೆ. ವಿಂಚ್ ಬಿಡಬಹುದು. ಡ್ರಾಯರಿನ ಬದಲು ಹಗುರ ಪ್ಲಾಸ್ಟಿಕ್ ಪೆಟ್ಟಿಗೆ ಸಾಕು. ಅಂಗಡಿಯಲ್ಲಿ ಕಂಡದ್ದನ್ನೆಲ್ಲ ಗಾಡಿಗೆ ಬಿಗಿಸಿಕೊಂಡು, ಕೊನೆಗೆ ನೀರಿನಲ್ಲಿ ಉಳಿತಾಯ ಮಾಡುವ ಕುಟುಂಬಗಳನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೊರಡುವ ಮುನ್ನ ಎಲ್ಲರೂ ಒಳಗೆ ಕೂತು ವೇಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿ ತೂಗಿಸಿ ಚೀಟಿ ಪಡೆಯಿರಿ. ಅಪಘಾತವಾದರೆ ವಿಮೆಯವರು ಕೇಳುವುದು ಅದನ್ನೇ.

ಈ 650 ಕೆಜಿಗೆ ಇದೇ ನೆಲದಲ್ಲಿ ಒಂದು ಇತಿಹಾಸವಿದೆ. 1866ರಲ್ಲಿ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳು ಹಡಗಿನಲ್ಲಿ ಪೋರ್ಟ್ ಆಗಸ್ಟಾಕ್ಕೆ ಬಂದಿಳಿದವು. ಜೊತೆಗೆ ಬಂದ ಬಲೂಚಿ, ಸಿಂಧಿ, ಪಂಜಾಬಿ, ಪಠಾಣ ಒಂಟೆಗಾರರನ್ನು ಇಲ್ಲಿನವರು ಒಟ್ಟಾರೆ ಅಫ್ಘಾನರು ಎಂದರು. ಟೆಲಿಗ್ರಾಫ್ ತಂತಿ, ಹಿಟ್ಟು, ಸಕ್ಕರೆ, ಉಣ್ಣೆ ಎಲ್ಲ ಅವರ ಒಂಟೆಗಳ ಬೆನ್ನ ಮೇಲೆ ಸಾಗಿತು. ಬಲವಾದ ಗಂಡೊಂಟೆ 600 ಕೆಜಿವರೆಗೆ ಹೊರುತ್ತಿತ್ತಂತೆ. ಇಂದಿನ ಗಾಡಿಯೂ ಹೆಚ್ಚುಕಡಿಮೆ ಅಷ್ಟೇ ಹೊರುತ್ತದೆ. ಮಾರೀಯಲ್ಲಿ ಗಾಡಿ ನಿಲ್ಲಿಸಿದಾಗ ಆ ಒಂಟೆಗಾರರ ನೆನಪಿನಲ್ಲಿ ಮತ್ತೆ ಕಟ್ಟಿದ ಪುಟ್ಟ ಮಸೀದಿಯನ್ನು ಮಕ್ಕಳಿಗೆ ತೋರಿಸಿ.

ಭಾರ ಎಷ್ಟು ಎಂಬುದರಷ್ಟೇ, ಎಲ್ಲಿ ಎಂಬುದೂ ಮುಖ್ಯ. ಎತ್ತಿನ ಬಂಡಿ ಹೇರಿದವರಿಗೆ ಇದನ್ನು ಹೇಳಬೇಕಿಲ್ಲ: ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಗಾಡಿಯಲ್ಲೂ ನೀರು, ಹತ್ಯಾರ, ಬ್ಯಾಟರಿಯಂಥ ಭಾರದವು ಹಿಂದಿನ ಅಚ್ಚಿಗಿಂತ ಮುಂದೆ, ನೆಲಕ್ಕೆ ಹತ್ತಿರ ಕೂರಬೇಕು. ಮಾಳಿಗೆಯ ಮೇಲೆ ಹಗುರವಾದದ್ದು ಮಾತ್ರ. ಎಷ್ಟೋ ಗಾಡಿಗಳ ಮಾಳಿಗೆ ತಾಳುವುದು ರ‍್ಯಾಕ್ ಸೇರಿ 100 ಕೆಜಿಯೊಳಗೆ. ಕೆಟ್ಟ ದಾರಿಯಲ್ಲಿ ಅದಕ್ಕಿಂತಲೂ ಕಡಿಮೆ. ಮೇಲೆ ಭಾರ ಹೆಚ್ಚಿದರೆ ತಿರುವಿನಲ್ಲಿ ಗಾಡಿ ಮಗುಚುತ್ತದೆ. ಇನ್ನೊಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ: ಮಕ್ಕಳ ಸೀಟಿನ ಹಿಂದೆ ಉಕ್ಕಿನ ಜಾಲರಿ ಇರಲೇಬೇಕು. ಬ್ರೇಕ್ ಒತ್ತಿದ ಕ್ಷಣ ಹಿಂದಿನ ಸಾಮಾನು ಹಾರಿಬರುವುದು ಅವರ ತಲೆಯ ಮೇಲೇ.

ಯಾವ ವಸ್ತು ಕೈಗೆಟುಕಬೇಕು ಎಂಬುದನ್ನು ತೀರ್ಮಾನಿಸುವಾಗ ಸಂಜೆಯ ಚಹಾ ನೆನಪಾಗಬಾರದು. ಅತ್ಯಂತ ಕೆಟ್ಟ ಗಳಿಗೆ ನೆನಪಾಗಬೇಕು. ಗಾಡಿಯ ಹೊಟ್ಟೆಯಡಿ ಸಿಕ್ಕಿಕೊಂಡ ಒಣಹುಲ್ಲು ಎಕ್ಸಾಸ್ಟ್ ಬಿಸಿಗೆ ಹೊತ್ತಿಕೊಂಡರೆ ಇಳಿದು ಓಡಲು ಸಿಗುವುದು ಸ್ವಲ್ಪ ಹೊತ್ತು. ಆಗ ಬೆಂಕಿ ಆರಿಸುವ ಸಿಲಿಂಡರ್ ಮೂರು ಪೆಟ್ಟಿಗೆಗಳ ಕೆಳಗಿದ್ದರೆ ಇದ್ದೂ ಇಲ್ಲದಂತೆ. ಅದು ಚಾಲಕನ ಕೈಗೆ ಸಿಗುವಲ್ಲಿರಲಿ. ಪಿಎಲ್‌ಬಿ ಎಂಬ ಅಂಗೈಯಗಲದ ಉಪಕರಣವೂ ಹಾಗೆಯೇ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್ ಸಂಕೇತ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರ ಮುಟ್ಟುತ್ತದೆ. ಮೊದಲೇ ನೋಂದಾಯಿಸಿಡಬೇಕು, ಅದಕ್ಕೆ ಶುಲ್ಕವಿಲ್ಲ. ಹೇಗೆ ಒತ್ತಬೇಕೆಂದು ತಿಳಿವಳಿಕೆ ಬಂದ ಮಕ್ಕಳಿಗೂ ಕಲಿಸಿಡಿ, ಯಾಕೆಂದರೆ ಪ್ರಜ್ಞೆ ತಪ್ಪಿದವರು ಅಪ್ಪ-ಅಮ್ಮನೇ ಆಗಿರಬಹುದು. ಹಾವು ಕಚ್ಚಿದರೆ ಕಟ್ಟಲು ಅಗಲವಾದ ಇಲಾಸ್ಟಿಕ್ ಬ್ಯಾಂಡೇಜುಗಳು ಬಾಗಿಲ ಜೇಬಿನಲ್ಲಿರಲಿ. ಕಚ್ಚಿದ ಕೈಯನ್ನೋ ಕಾಲನ್ನೋ ಪೂರ್ತಿ ಬಿಗಿಯಾಗಿ ಸುತ್ತಿ ಅಲುಗಾಡದಂತೆ ಇಡುವ ಆ ವಿಧಾನವನ್ನು 1970ರ ದಶಕದ ಕೊನೆಗೆ ರೂಪಿಸಿದವರು ಮೆಲ್ಬರ್ನ್‌ನ ವೈದ್ಯ ಸ್ಟ್ರುವಾನ್ ಸದರ್ಲ್ಯಾಂಡ್. ಹಳ್ಳಿಗಳಲ್ಲಿ ನಾವು ಕಂಡಂತೆ ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು.

ನೀರಿನ ಮಾತಿಗೆ ಬಂದರೆ, ಮಾರೀಯ ಸುತ್ತ ಯಾರೂ ಮರೆಯದ ಒಂದು ಕುಟುಂಬವಿದೆ. 1963ರ ಡಿಸೆಂಬರ್‌ನಲ್ಲಿ ಪೇಜ್ ದಂಪತಿ ಮತ್ತು ಅವರ ಮೂವರು ಗಂಡುಮಕ್ಕಳು ಅಲ್ಲಿಂದ ಬರ್ಡ್ಸ್‌ವಿಲ್ ದಾರಿ ಹಿಡಿದು ಹೊರಟರು. ದಾರಿ ತಪ್ಪಿತು, ಪೆಟ್ರೋಲ್ ಮುಗಿಯಿತು, ಇದ್ದ ನೀರು ಕಡಿಮೆ. ಕಾರು ಬಿಟ್ಟು ನಡೆದರು. ಐವರಲ್ಲಿ ಒಬ್ಬರೂ ಬದುಕಲಿಲ್ಲ. ಇದನ್ನು ನಾನು ಮಕ್ಕಳಿಗೆ ಮುಚ್ಚಿಡುವುದಿಲ್ಲ. ಗಾಡಿ ನಿಂತರೆ ಗಾಡಿಯ ಬಳಿಯೇ ಇರಬೇಕು, ಅದರ ನೆರಳಲ್ಲಿ ಕೂರಬೇಕು. ಹುಡುಕುವವರ ವಿಮಾನಕ್ಕೆ ಮೊದಲು ಕಾಣುವುದು ಮನುಷ್ಯರಲ್ಲ, ಗಾಡಿ. ನಮ್ಮ ಮನೆಯ ಲೆಕ್ಕ ತಲಾ ದಿನಕ್ಕೆ 7 ಲೀಟರ್. ನಾಲ್ಕು ಜನಕ್ಕೆ ನಾಲ್ಕು ದಿನಕ್ಕೆ ಆ 112 ಲೀಟರ್. ಜೆರ್ರಿ ಕ್ಯಾನ್ ಬಿಟ್ಟ ಭಾರವನ್ನೂ ನೀರಿಗೇ ಕೊಡುತ್ತೇವೆ. ಒಂದೇ ಟ್ಯಾಂಕಿನಲ್ಲಿ ಬೇಡ, ಐದಾರು ಕ್ಯಾನ್‌ಗಳಲ್ಲಿ ಹಂಚಿಡಿ. ಒಂದು ಸೋರಿದರೆ ಉಳಿದವು ಇರುತ್ತವೆ. ದಾರಿಯ ಬುಗ್ಗೆಗಳನ್ನು ನಂಬಬೇಡಿ. ನೋಡಲು ಸೊಗಸು, ಕುಡಿಯಲಿಕ್ಕಲ್ಲ.

ಬುತ್ತಿಯ ವಿಷಯದಲ್ಲಿ ನಾವು ಕನ್ನಡಿಗರು ಪುಣ್ಯವಂತರು. ಎರಡು ತೊಡಕುಗಳನ್ನು ಮಾತ್ರ ಗಮನಿಸಬೇಕು. ಮೊದಲನೆಯದು ಗಡಿ. ಮೆಲ್ಬರ್ನ್‌ನಿಂದ ಮಿಲ್ಡುರಾ ದಾಟಿ ಹೋದರೆ ಯಾಂಬಾದಲ್ಲಿ ಗಾಡಿ ತಪಾಸಣೆ ಮಾಡುತ್ತಾರೆ. ಹಣ್ಣುನೊಣ ಹರಡಬಾರದೆಂದು ಟೊಮ್ಯಾಟೊ, ಹಸಿಮೆಣಸಿನಕಾಯಿ, ನಿಂಬೆ, ಮಾವು ಯಾವುದನ್ನೂ ದಕ್ಷಿಣ ಆಸ್ಟ್ರೇಲಿಯಾದೊಳಗೆ ಬಿಡುವುದಿಲ್ಲ. ಹಾಗಾಗಿ ಹಸಿ ಸಾಮಾನಿನ ಸಂತೆಯನ್ನು ಪೋರ್ಟ್ ಆಗಸ್ಟಾದಲ್ಲಿ ಮಾಡಿ. ಅಲ್ಲಿಂದ ಮುಂದೆ ದೊಡ್ಡ ಅಂಗಡಿ ಇಲ್ಲ. ಎರಡನೆಯದು ದಾರಿಯ ಅಲುಗಾಟ. ಗ್ರೇಡರ್ ಹಾಯ್ದು ಬಹುದಿನವಾದ ಮಣ್ಣುದಾರಿಯಲ್ಲಿ ಚಕ್ರಗಳು ಬಡಿದು ಬಡಿದು ಅಡ್ಡಡ್ಡ ಅಲೆಗಳು ಏಳುತ್ತವೆ. ಗಂಟೆಗಟ್ಟಲೆ ಆ ಕಂಪನದಲ್ಲಿ ಬಾಟಲಿಯ ಮುಚ್ಚಳಗಳು ತಾವೇ ಬಿಚ್ಚಿಕೊಳ್ಳುತ್ತವೆ, ಹಾಲಿನ ಪ್ಯಾಕೆಟ್ಟು ತೂತಾಗುತ್ತದೆ, ಒಂದಕ್ಕೊಂದು ಉಜ್ಜಿದ ಅಲ್ಯೂಮಿನಿಯಂ ಡಬ್ಬಿಗಳು ಸವೆದು ಸೋರುತ್ತವೆ. ಗಾಜು ಬೇಡವೇ ಬೇಡ. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಬದಲಿಸಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಮತ್ತೊಂದು ಚೀಲದೊಳಗಿಡಿ. ಅರಿಸಿನಪುಡಿಗೂ ಅದೇ ಮರ್ಯಾದೆ.

ಇಷ್ಟೆಲ್ಲ ತಾಳಿಕೊಳ್ಳುವ ಊಟ ನಮ್ಮ ಅವ್ವಂದಿರು ಎಂದೋ ಕಂಡುಕೊಂಡಿದ್ದಾರೆ. ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವಿಲ್ಲ, ಫ್ರಿಜ್ ಕೇಳುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಸಂದಿಯಿಲ್ಲದಂತೆ ಬಟ್ಟೆ ತುರುಕಿಟ್ಟರೆ ಪುಡಿಯಾಗುವುದೂ ಕಡಿಮೆ. ಪುಡಿಯಾದರೆ ಮೊಸರಲ್ಲಿ ಕಲಸಿ ತಿನ್ನಿ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಹುರಿದಿಟ್ಟ ರವೆ, ಪುಳಿಯೋಗರೆ ಗೊಜ್ಜು, ಹಚ್ಚಿದ ಅವಲಕ್ಕಿ. ಕತ್ತಲಾದ ಮೇಲೆ ಡೇರೆ ಹಾಕಬೇಕಾಗಿ ಬಂದ ದಿನ ಒಲೆ ಹಚ್ಚದೆಯೇ ಮಕ್ಕಳ ಹೊಟ್ಟೆ ತುಂಬಿಸುವುದು ಆ ಅವಲಕ್ಕಿ. ಅದರ ಡಬ್ಬಿ ಎಲ್ಲಕ್ಕಿಂತ ಮೇಲಿರಲಿ.

ಟೈರಿನ ಬಗ್ಗೆ ಚುಟುಕಾಗಿ: ಡಾಂಬರು ಮುಗಿದಲ್ಲಿ ನಿಲ್ಲಿಸಿ ಗಾಳಿಯನ್ನು 26-28 ಪಿಎಸ್‌ಐಗೆ ಇಳಿಸಿ, ವೇಗವನ್ನೂ ಇಳಿಸಿ. ಚೂಪು ಕಲ್ಲು ಟೈರ್ ಸೀಳುವುದೂ ಕಡಿಮೆ, ಅಲುಗಾಟವೂ ಕಡಿಮೆ. ಮತ್ತೆ ತುಂಬಲು ಕಂಪ್ರೆಸರ್, ಅಳೆಯಲು ಮೀಟರ್ ಬೇಕು. ಉದ್ದ ಹಿಡಿಕೆಯ ಸಲಿಕೆಯೊಂದು ಇರಲಿ. ಸಿಕ್ಕಿಬಿದ್ದ ಗಾಡಿ ಎಳೆಯುವ ಪಟ್ಟಿಯನ್ನು ಟ್ರೇಲರ್ ಕಟ್ಟುವ ಟೋ ಬಾಲ್‌ಗೆ ಎಂದೂ ಹಾಕಬೇಡಿ. ಅದು ಕಿತ್ತು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ.

ಮಕ್ಕಳಿಗೆ ತಲಾ ಒಂದು ಚೀಲ, ಒಂದು ಟಾರ್ಚ್, ಮುಖಕ್ಕೆ ನೊಣದ ಜಾಲರಿ ಕಟ್ಟುವ ಟೋಪಿ. ಚೀಲದಲ್ಲಿ ಹಿಡಿಸಿದ್ದು ಅವರದು, ಹಿಡಿಸದ್ದು ಮನೆಯಲ್ಲಿ ಉಳಿಯಲಿ. ಯಾವುದನ್ನು ಬಿಡಬೇಕೆಂದು ಅವರೇ ಆರಿಸಲಿ. ಹಗಲು ಹಿತವಾದ ಬಿಸಿಲಿದ್ದರೂ ಜುಲೈ ರಾತ್ರಿ ಮರುಭೂಮಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯಬಲ್ಲದು. ಬಟ್ಟೆ ಕಡಿಮೆ ಮಾಡಿ, ಕಂಬಳಿ ಕಡಿಮೆ ಮಾಡಬೇಡಿ.

ಇನ್ನು ಮಳೆ. ಅಲ್ಲಿ ಮಳೆ ಅಪರೂಪ. ಬಂದರೆ ಮಣ್ಣು ಅಂಟಾಗಿ ದಾರಿಯನ್ನೇ ಮುಚ್ಚುತ್ತಾರೆ. ಮುಚ್ಚಿದ ದಾರಿಗೆ ಇಳಿದರೆ ದಂಡ ಭಾರೀ. ನಿಂತಲ್ಲೇ ಎರಡು-ಮೂರು ದಿನ ಕಾಯಬೇಕಾಗಬಹುದೆಂದು ಅಷ್ಟು ಬುತ್ತಿಯನ್ನು ಬೇರೆ ಕಟ್ಟಿ, ಮುಟ್ಟದೆ ಇಡಿ. ಊರಲ್ಲಿರುವ ಅಜ್ಜಿಗೆ ಮೊದಲೇ ಹೇಳಿ, ಇಷ್ಟು ದಿನ ಫೋನ್ ಹತ್ತುವುದಿಲ್ಲವೆಂದು. ಇಲ್ಲಿನ ನಂಬಿಕಸ್ಥ ಗೆಳೆಯರ ಕೈಗೊಂದು ಹಾಳೆ ಕೊಟ್ಟು ಹೊರಡಿ. ಗಾಡಿಯ ನಂಬರು, ಬಣ್ಣ, ಒಳಗಿರುವವರ ಹೆಸರು, ರಾತ್ರಿ ತಂಗುವ ಜಾಗಗಳು, ಮಾರ್ಲಾ ತಲುಪಿ ನೀವು ಕರೆ ಮಾಡಬೇಕಾದ ದಿನ, ಮತ್ತು ಆ ಕರೆ ಬಾರದಿದ್ದರೆ ಅವರು ಎಷ್ಟು ಗಂಟೆ ಕಾದು ಪೊಲೀಸರಿಗೆ ತಿಳಿಸಬೇಕು ಎಂಬುದು ಅದರಲ್ಲಿರಲಿ.