ಬಲಪ್ರಯೋಗಕ್ಕೊಂದು ಷರತ್ತು

ಹಲವರು ಕೂಡಿ ಒಂದೇ ಸಾಫ್ಟ್‌ವೇರನ್ನು ಬರೆಯುವಾಗ ಯಾರು, ಎಂದು, ಯಾವ ಸಾಲನ್ನು ತಿದ್ದಿದರೆಂಬುದನ್ನು ಚಾಚೂ ತಪ್ಪದೆ ದಾಖಲಿಸಿಡುವ ಸಾಧನಗಳಲ್ಲಿ ಇಂದು ಸರ್ವತ್ರ ಬಳಕೆಯಲ್ಲಿರುವುದು, 2005ರಲ್ಲಿ ಲಿನಸ್ ಟೊರ್ವಾಲ್ಡ್ಸರು ಲಿನಕ್ಸ್ ಕರ್ನೆಲ್ಲಿನ ಕಾರ್ಯಾರ್ಥವಾಗಿ ರಚಿಸಿದ ಗಿಟ್. ಅದರ ಕಮಾಂಡುಗಳ ಬೆನ್ನಿಗೆ ಎರಡು ಅಡ್ಡಗೆರೆಗಳೊಡನೆ ಸೇರಿಸುವ ಆಪ್ಷನ್, ಕಮಾಂಡಿನ ವರ್ತನೆಯನ್ನು ಮಾರ್ಪಡಿಸುತ್ತದೆ. ಹೊಸದೊಂದು ಆಪ್ಷನನ್ನು ಸೇರಿಸುವುದು ಹೊರನೋಟಕ್ಕೆ ಅಲ್ಪಕಾರ್ಯವೆಂದು ತೋರಿದರೂ, ಒಮ್ಮೆ ಲೋಕದ ಕೈಗಿತ್ತುದನ್ನು ಹಿಂದೆಗೆದುಕೊಳ್ಳುವುದು ಅಸಾಧ್ಯಪ್ರಾಯವಾದುದರಿಂದ, ಅದು ಬಹಳ ವಿವೇಚನೆಯನ್ನು ಬೇಡುತ್ತದೆ.

ತನ್ನ ಕಂಪ್ಯೂಟರಿನಲ್ಲಿರುವ ಕಮಿಟ್‌ಗಳನ್ನು, ಅಂದರೆ ದಾಖಲಾದ ತಿದ್ದುಪಡಿಗಳನ್ನು, ಸರ್ವರ್‌ಗೆ ಕಳುಹಿಸುವ ಕಮಾಂಡು 'ಗಿಟ್ ಪುಷ್'. ಕಳುಹಿಸುವ ಇತಿಹಾಸವು ಸರ್ವರಿನಲ್ಲಿರುವುದರ ಮುಂದುವರಿಕೆಯಾಗಿರದಿದ್ದರೆ ಅದು ತಿರಸ್ಕೃತವಾಗುತ್ತದೆ. ರಿಬೇಸ್ ಮಾಡಿ ಹಳೆಯ ಕಮಿಟ್‌ಗಳನ್ನು ಬೇರೆಯಾಗಿ ಬರೆದವನಿಗೆ ಈ ನಿರಾಕರಣೆ ಎದುರಾದಾಗ, ಆತ '--ಫೋರ್ಸ್' ಎಂದು ಸೇರಿಸುತ್ತಾನೆ. ಅಷ್ಟರೊಳಗೆ ಸಹೋದ್ಯೋಗಿಯೊಬ್ಬಳು ಅದೇ ಬ್ರಾಂಚಿಗೆ, ಅಂದರೆ ಕಮಿಟ್‌ಗಳ ಅದೇ ಸರಣಿಗೆ, ಮೂರು ಕಮಿಟ್‌ಗಳನ್ನು ಕಳುಹಿಸಿದ್ದರೆ ಅವು ಬ್ರಾಂಚಿನಿಂದ ಕಣ್ಮರೆಯಾಗುತ್ತವೆ. ಪರರ ಪರಿಶ್ರಮವನ್ನು ಅಳಿಸುತ್ತಿರುವೆನೆಂಬ ಎಚ್ಚರಿಕೆ ಆತನಿಗೆ ಬಾರದು.

'--ಫೋರ್ಸ್' ಎಂಬುದರ ಅರ್ಥವನ್ನೇ ಬದಲಿಸಬಹುದಿತ್ತಲ್ಲವೆ? ಆದರೆ ಆ ಅರ್ಥವನ್ನೇ ನಂಬಿ ಬರೆದಿಟ್ಟ ಸ್ಕ್ರಿಪ್ಟುಗಳು ಲೆಕ್ಕವಿಲ್ಲದಷ್ಟು. ಅವೆಲ್ಲವನ್ನೂ ಮುರಿದು ಗಳಿಸುವ ಸುರಕ್ಷತೆ ದುಬಾರಿಯಾದುದು. ಆದುದರಿಂದ 2005ರಿಂದಲೂ ಗಿಟ್‌ನ ಮೇಲ್ವಿಚಾರಣೆ ಹೊತ್ತಿರುವ ಜೂನಿಯೊ ಹಮಾನೊ ಅವರು, ಹಳೆಯದನ್ನು ಇದ್ದಂತೆಯೇ ಉಳಿಸಿ, 2013ರ ನವೆಂಬರಿನ 1.8.5ನೆಯ ಆವೃತ್ತಿಯಲ್ಲಿ '--ಫೋರ್ಸ್-ವಿತ್-ಲೀಸ್' ಎಂಬುದನ್ನು ಅದರ ಪಕ್ಕದಲ್ಲಿರಿಸಿದರು. ಸರ್ವರಿನ ಬ್ರಾಂಚನ್ನು ಕೊನೆಯ ಬಾರಿ ಕಂಡಾಗ ಅದು ಯಾವ ಕಮಿಟ್‌ನಲ್ಲಿತ್ತೆಂಬುದನ್ನು ಗಿಟ್ ನಮ್ಮ ಕಂಪ್ಯೂಟರಿನಲ್ಲಿಯೇ ಗುರುತಿಟ್ಟಿರುತ್ತದೆ. ಬ್ರಾಂಚು ಈಗಲೂ ಅಲ್ಲಿಯೇ ಇದ್ದರೆ ಮಾತ್ರ ಬಲಪ್ರಯೋಗಕ್ಕೆ ಅನುಮತಿ. ಇಲ್ಲವಾದರೆ 'ಸ್ಟೇಲ್ ಇನ್ಫೋ', ಅಂದರೆ ನಿನ್ನ ಮಾಹಿತಿ ಹಳತಾಯಿತು ಎಂಬ ಉತ್ತರದೊಡನೆ ಪುಷ್ ನಿಂತುಹೋಗುತ್ತದೆ. ಆ ಸಹೋದ್ಯೋಗಿಯ ಮೂರು ಕಮಿಟ್‌ಗಳು ಉಳಿಯುತ್ತವೆ. ಇಷ್ಟು ಸರಳವಾದ ಷರತ್ತಿನಿಂದ ಇಷ್ಟು ದೊಡ್ಡ ಅನರ್ಥ ತಪ್ಪುವುದನ್ನು ಕಂಡಾಗ, ಆ ವಿನ್ಯಾಸದ ಬಗೆಗೆ ನನಗೆ ನಿಜವಾದ ಗೌರವವುಂಟಾಗುತ್ತದೆ.

ಆದರೂ ಒಂದು ಬಿರುಕು ಉಳಿದಿತ್ತು. ಕೆಲವು ಎಡಿಟರುಗಳು ಬಳಸುವವನನ್ನು ಕೇಳದೆ ಆಗಾಗ ಹಿನ್ನೆಲೆಯಲ್ಲಿ 'ಫೆಚ್' ನಡೆಸಿ ಸರ್ವರಿನಲ್ಲಿರುವ ಹೊಸ ಕಮಿಟ್‌ಗಳನ್ನು ತರುತ್ತಿರುತ್ತವೆ. ಆಗ ಗುರುತು ಹೊಸದಾಗುತ್ತದೆ, ಮನುಷ್ಯನ ಅರಿವು ಹಳೆಯದಾಗಿಯೇ ಇರುತ್ತದೆ. ಷರತ್ತು ಸುಲಭವಾಗಿ ಈಡೇರಿ, ನೋಡದೆಯೇ ಇದ್ದ ಕಮಿಟ್‌ಗಳು ಅಳಿಯುತ್ತವೆ. 2020ರ ಡಿಸೆಂಬರಿನ 2.30ನೆಯ ಆವೃತ್ತಿಯಲ್ಲಿ ಇದಕ್ಕೆ ಪೂರಕವಾಗಿ ಬಂದ '--ಫೋರ್ಸ್-ಇಫ್-ಇನ್‌ಕ್ಲೂಡ್ಸ್', ಸರ್ವರಿನಿಂದ ಬಂದುದನ್ನು ನಮ್ಮ ಬ್ರಾಂಚು ವಾಸ್ತವವಾಗಿ ಒಳಗೊಂಡಿತ್ತೇ ಎಂಬುದನ್ನು, ಬ್ರಾಂಚಿನ ಹಿಂದಿನ ಸ್ಥಿತಿಗಳ ದಾಖಲೆಯಾದ ರೆಫ್‌ಲಾಗ್‌ನಲ್ಲಿ ಹುಡುಕಿ ನೋಡುತ್ತದೆ.

ನನಗೆ ಒಪ್ಪಿಗೆಯಾಗದ ಅಂಶವೊಂದುಂಟು. ಅಪಾಯಕಾರಿಯಾದ ಹಳೆಯ ಆಪ್ಷನ್ನಿಗೆ '-ಎಫ್' ಎಂಬ ಏಕಾಕ್ಷರದ ಹ್ರಸ್ವರೂಪವಿದೆ, ಸುರಕ್ಷಿತವಾದುದಕ್ಕೆ ಅಂಥದಿಲ್ಲ. ಅವಸರದಲ್ಲಿರುವವನ ಬೆರಳು ಚಿಕ್ಕದರತ್ತಲೇ ಹರಿಯುವುದು ಸಹಜ. ಅದನ್ನು ಬಲ್ಲ ಪ್ರೋಗ್ರಾಮರುಗಳು ತಮ್ಮ ಕಾನ್ಫಿಗ್ ಫೈಲಿನಲ್ಲಿ ಆ ದೀರ್ಘರೂಪಕ್ಕೆ ತಾವೇ ಒಂದು ಅಲಿಯಾಸ್, ಅಂದರೆ ಚಿಕ್ಕ ಹೆಸರು, ಬರೆದುಕೊಳ್ಳುತ್ತಾರೆ.