ಅಂಬಾಸಿಡರ್ ಒಂದು ಕಡೆ ವಾಲಿದೆಯೇ? ಬಗ್ಗಿ ನೋಡ್ರಿ!

ದಾವಣಗೆರೆ: ಅಂಗಡಿಯ ತಕ್ಕಡಿ ಒಂದು ಕೂದಲೆಳೆ ವಾಲಿದರೂ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಮನೆ ಮುಂದಿನ ಹಳೆ ಅಂಬಾಸಿಡರ್ ಎಡಕ್ಕೆ ವಾಲಿ ನಿಂತರೆ ಮಾತ್ರ "ವಯಸ್ಸಾತು ಬಿಡ್ರಿ" ಎನ್ನುವವರೇ ಹೆಚ್ಚು.

ಪಿ.ಬಿ. ರಸ್ತೆಯ ಗ್ಯಾರೇಜೊಂದಕ್ಕೆ ಮೊನ್ನೆ ಬಂದ ಕಿರಾಣಿ ಸಾವ್ಕಾರರದ್ದೂ ಇದೇ ರಾಗ. ಅಪ್ಪನ ಕಾಲದ ಕಾರು. ಮಗಳು ಅದರಲ್ಲೇ ಕಲ್ಯಾಣಮಂಟಪಕ್ಕೆ ಹೋಗಬೇಕೆಂಬ ಆಸೆ. "ಒಂದು ಎಕ್ಸ್‌ಟ್ರಾ ಬ್ಲೇಡ್ ಹಾಕಿ ಎತ್ತರ ಮಾಡಿಬಿಡು ಮೇಸ್ತ್ರಿ" ಎಂದರು.

ಮೇಸ್ತ್ರಿ ಒಪ್ಪಲಿಲ್ಲ. "ಕಾಲು ಉಳುಕಿದವನಿಗೆ ದಪ್ಪ ಚಪ್ಪಲಿ ಕೊಟ್ರೆ ನೋವು ಹೋಗ್ತದೇನ್ರಿ ಸಾವ್ಕಾರ್ರೆ?"

2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಿಕೆ ನಿಂತ ಈ ಕಾರಿನ ಹಿಂಭಾಗದ ಭಾರವೆಲ್ಲ, ಲಾರಿಗಳಂತೆ, ಬ್ಲೇಡ್ ಸೆಟ್ಟಿನ ಮೇಲೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಎಗರಿದವರಿಗೆ ಅದರ ಮಹಿಮೆ ಗೊತ್ತು! ಬ್ಲೇಡುಗಳನ್ನು ಒಟ್ಟಿಗೆ ಹಿಡಿಯುವುದು ನಡುವಿನ ಸೆಂಟರ್ ಬೋಲ್ಟು. ಅವನ್ನು ಆಕ್ಸಲ್ಲಿಗೆ ಬಿಗಿಯುವುದು ಯು-ಬೋಲ್ಟು. ತುದಿಗಳಲ್ಲಿ ರಬ್ಬರ್ ಬುಷ್, ಹಿಂದಿನ ತುದಿಗೆ ತೂಗಾಡುವ ಶ್ಯಾಕಲ್. ಮೊದಲು ಸವೆಯುವುದು ಈ ಅಗ್ಗದ ರಬ್ಬರೇ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಸಮನೆಲ, ಖಾಲಿ ಕಾರು, ಟೈರುಗಳಲ್ಲಿ ಸಮ ಗಾಳಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎರಡೂ ಕಡೆ ಟೇಪು ಹಿಡಿಯಿರಿ. ಲೆಕ್ಕ ತಾಳೆಯಾಗದಿದ್ದರೆ ಬ್ಲೇಡ್ ಕುಸಿದಿದೆ ಅಥವಾ ತುಂಡಾಗಿದೆ ಎಂಬ ಗುಮಾನಿ. ಸ್ಟೀರಿಂಗ್ ನೇರವಿಟ್ಟು ಮುಂದಿನ ಚಕ್ರದಿಂದ ಹಿಂದಿನದಕ್ಕೆ ಅಳೆಯಿರಿ. ಎಡ ಬಲ ಅಂತರ ಬೇರೆಯಾದರೆ ಆಕ್ಸಲ್ ಜರುಗಿರಬಹುದು. ಡಿಕ್ಕಿಯನ್ನು ಒತ್ತಿ ಬಿಟ್ಟಾಗ ಕಾರು ಕುಣಿಯುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಮುಗಿದಂತೆ.

ಕೆಳಗೆ ನುಗ್ಗುವ ಮುನ್ನ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾಡಿಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಬರೀ ಜಾಕಿ ನಂಬಿದರೆ ಜೀವಕ್ಕೇ ಸಂಚಕಾರ.

ಸಾವ್ಕಾರರ ಕಾರಿನಡಿ ಸಲಾಕೆ ಹಾಕಿ ಮೀಟಿದಾಗ ಬುಷ್ ಪುಡಿಪುಡಿ. ಸೆಂಟರ್ ಬೋಲ್ಟು ಎರಡು ತುಂಡು! ಯು-ಬೋಲ್ಟಿನ ಹಿಡಿತವೊಂದೇ ಉಳಿದಿತ್ತು. ಅದೂ ಸಡಿಲಿದ್ದರೆ, ತುಂಬಿದ ಕಾರಿಗೆ ಜೋರಾಗಿ ಬ್ರೇಕ್ ಹಾಕಿದಾಗ ಆಕ್ಸಲ್ ಜರುಗಿ ಕಾರು ಅಡ್ಡ ಎಳೆಯುತ್ತಿತ್ತು. ಸಾವ್ಕಾರರ ಮುಖ ಬಿಳಿಚಿತು. ಎಕ್ಸ್‌ಟ್ರಾ ಬ್ಲೇಡಿನ ಮಾತು ಮತ್ತೆ ಬರಲಿಲ್ಲ.

ಬುಷ್, ಬೋಲ್ಟು ಎರಡೂ ಕಡೆ ಹೊಸದು ಬಿತ್ತು. ತುಂಡಾದ ಬ್ಲೇಡಿಗೆ ವೆಲ್ಡಿಂಗ್ ಹಾಕಿಸಬಾರದು, ಉಕ್ಕಿನ ಹದ ಕೆಡುತ್ತದೆ. ರಬ್ಬರಿಗೆ ಗ್ರೀಸ್ ಬೇಡ. ಅಂಬಾಸಿಡರಿಗೆ ಬೇರೆ ಚಾಸಿ ಇಲ್ಲ, ಬ್ಲೇಡಿನ ತುದಿ ಕೂರುವುದು ಬಾಡಿಗೇ. ಅಲ್ಲಿ ತುಕ್ಕು ತಿಂದಿದ್ದರೆ ಹೊಸ ಬುಷ್ ಹಾಕಿಯೂ ದಂಡ. ಮುಖ್ಯ ಗುಟ್ಟು: ಬುಷ್ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೆ. ಗಾಳಿಯಲ್ಲಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಖಾಸಗಿ ಕಾರು ವಿಂಟೇಜ್ ನೋಂದಣಿಗೆ ಅರ್ಹ. ಆ ನಂಬರಿನಲ್ಲಿ ದಿನನಿತ್ಯದ ಓಡಾಟ, ಬಾಡಿಗೆ ನಡೆಯದು. ಆದರೆ ಯಾವ ನಂಬರ್ ಪ್ಲೇಟೂ ಮುರಿದ ಬೋಲ್ಟನ್ನು ಹಿಡಿದಿಡುವುದಿಲ್ಲ.

"ಮೇಲೆ ಪಾಲಿಶ್ ಎಷ್ಟಾದ್ರೂ ಹೊಡೀರಿ," ಮೇಸ್ತ್ರಿ ಕೈ ಒರೆಸಿಕೊಂಡ. "ವರ್ಷಕ್ಕೊಮ್ಮೆ ಕೆಳಗೂ ಬಗ್ಗಿ ನೋಡ್ರಿ."